ನಾಯಿ ತೇಕುತ್ತದೆ, ಬೆಕ್ಕೇಕೆ ಸುಮ್ಮನೆ ಮಲಗುತ್ತದೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ನಾಯಿ, ಒಂದು ಬೆಕ್ಕು ಇವೆ. ಏಪ್ರಿಲ್ ಬಂತೆಂದರೆ ನಾಯಿ ಇಡೀ ದಿನ ನಾಲಿಗೆ ಚಾಚಿ ತೇಕುತ್ತದೆ, ರೊಟ್ಟಿ ಹಾಕಿದರೆ ಮೂಸಿಯೂ ನೋಡುವುದಿಲ್ಲ. ಬೆಕ್ಕು ಮಾತ್ರ ಏನೂ ಆಗದಂತೆ ಮಲಗಿರುತ್ತದೆ. ಬೆಕ್ಕಿಗೆ ಬಿಸಿಲು ಹತ್ತುವುದೇ ಇಲ್ಲವೇ? ನಾಯಿಯ ಕೂದಲು ಬೋಳಿಸಿದರೆ ತಂಪಾದೀತೇ?
– ಓದುಗರು, ಮಕ್ತಲ್, ನಾರಾಯಣಪೇಟೆ ಜಿಲ್ಲೆ

ಉತ್ತರ: ಮನೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಕೊಡ ಇದ್ದರೆ ಮೊದಲು ಅದರ ಹೊಟ್ಟೆ ಮುಟ್ಟಿ ನೋಡಿ. ಹೊರಗೆ 42 ಡಿಗ್ರಿ ಸುಡುತ್ತಿದ್ದರೂ ಕೊಡ ತಣ್ಣಗಿರುತ್ತದೆ. ಅದರ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ. ನಿಮ್ಮ ನಾಯಿಯ ನಾಲಿಗೆ ಮಾಡುತ್ತಿರುವುದೂ ಅದೇ ಕೆಲಸ. ನಮಗೆ ಮೈತುಂಬ ಬೆವರು ಬರುತ್ತದೆ. ನಾಯಿಗೆ ಬೆವರುವುದು ಅಂಗಾಲು ಮಾತ್ರ, ಅದು ಯಾತಕ್ಕೂ ಸಾಲದು. ಆದ್ದರಿಂದ ಬಾಯಿ, ನಾಲಿಗೆ, ಮೂಗಿನ ಒಳಗಿನ ಪಸೆಯ ಮೇಲೆ ಗಾಳಿಯಾಡಿಸಿ ಮೈ ಆರಿಸಿಕೊಳ್ಳುತ್ತದೆ. ಸುಮ್ಮನಿರುವಾಗ ನಿಮಿಷಕ್ಕೆ 15ರಿಂದ 30 ಸಲ ಉಸಿರಾಡುವ ನಾಯಿ ತೇಕಲು ಶುರುಮಾಡಿದರೆ 300ರ ಸುಮಾರಿಗೆ ಹೋಗುತ್ತದೆ. ನೆರಳಲ್ಲಿ ಮಲಗಿ, ನೀರು ಕುಡಿದು, ನಡುನಡುವೆ ಬಾಯಿ ಮುಚ್ಚಿಕೊಳ್ಳುವ ನಾಯಿಯ ತೇಕು ರೋಗವಲ್ಲ.

ಕೊಡದ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ನೀರು ಮುಗಿದರೆ ಕೊಡ ತಂಪಾಗಿರುವುದಿಲ್ಲ. ನಾಯಿಯದೂ ಹಾಗೆಯೇ. ಸಾಮಾನ್ಯ ದಿನಗಳಲ್ಲಿ ಅದಕ್ಕೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 50–60 ಮಿಲಿಲೀಟರ್ ನೀರು ಸಾಕು. 15 ಕಿಲೋ ನಾಯಿಗೆ ಸುಮಾರು ಒಂದು ಲೀಟರ್. ಬೇಸಿಗೆಯಲ್ಲಿ ಇದು ಎರಡು ಪಟ್ಟು ಮೀರಬಹುದು. ಸ್ಟೀಲ್ ತಟ್ಟೆಯ ನೀರು ಮಧ್ಯಾಹ್ನಕ್ಕೆ ಕಾದು ಬಿಸಿಯಾಗುತ್ತದೆ, ನಾಯಿ ಮೂತಿ ಇಟ್ಟು ತೆಗೆಯುತ್ತದೆ. ಅಗಲ ಬಾಯಿಯ ಮಣ್ಣಿನ ಪಾತ್ರೆ ಇಡಿ, ಉರುಳದಂತೆ ಅರ್ಧ ಹೂತಿಡಿ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಮಳೆಗಾಲದಲ್ಲಿ ಕೊಡದ ನೀರು ಅಷ್ಟು ತಣ್ಣಗಾಗುವುದಿಲ್ಲ, ಗಾಳಿಯಲ್ಲೇ ಪಸೆ ಇರುವುದರಿಂದ ಆವಿಯಾಗುವುದು ಕಡಿಮೆ. ಜೂನ್ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು, ಮತ್ತೆ ಬಿಸಿಲು ಬಂದು, ಧಗೆ ಕವಿಯುವ ದಿನಗಳಲ್ಲಿ ನಾಯಿ ಎಷ್ಟು ತೇಕಿದರೂ ಮೈ ಆರುವುದಿಲ್ಲ. ಬೇಸಿಗೆ ಕಳೆಯಿತೆಂದು ನಾವು ನಿಶ್ಚಿಂತರಾದಾಗಲೇ ಅದಕ್ಕೆ ಅಪಾಯ.

ಈಗ ಬೆಕ್ಕಿನ ಮಾತು. ಅದಕ್ಕೂ ಬಿಸಿಲು ಹತ್ತುತ್ತದೆ, ಆದರೆ ಅದರ ಪೂರ್ವಿಕರು ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕುಗಳು. ನೀರು ಉಳಿಸುವುದು ಅದಕ್ಕೆ ಹುಟ್ಟುಗುಣ. ಕಮ್ಮಿ ಕುಡಿಯುತ್ತದೆ, ಮೂತ್ರ ಗಟ್ಟಿಯಾಗಿರುತ್ತದೆ, ಸೆಕೆಯ ಹೊತ್ತಿನಲ್ಲಿ ಓಡಾಡುವುದಿಲ್ಲ. ಮೈ ನೆಕ್ಕಿಕೊಂಡು ಎಂಜಲಿನ ಪಸೆಯಲ್ಲೇ ತಂಪು ಮಾಡಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದು ತನಗೆ ಬೇಕಾದ ಜಾಗ ಹುಡುಕಿಕೊಳ್ಳುತ್ತದೆ. ನಾರಾಯಣಪೇಟೆಯ ನೇಕಾರರ ಮನೆಗಳಲ್ಲಿ ಮಧ್ಯಾಹ್ನ ಮಗ್ಗ ನಿಂತ ಹೊತ್ತು ಬೆಕ್ಕು ಎಲ್ಲಿ ಹೋಯಿತೆಂದರೆ ಕುಣಿಮಗ್ಗದ ಕುಣಿಯೊಳಗೆ ಬಗ್ಗಿ ನೋಡಬೇಕು. ನೆಲಕ್ಕಿಂತ ಕೆಳಗಿನ ಆ ತಂಪು ಮಣ್ಣಿಗೆ ಹೊಟ್ಟೆ ಒತ್ತಿ ಮಲಗಿರುತ್ತದೆ. (ನೇಯ್ಗೆಯ ಮನೆಯವರಿಗೆ ಒಂದು ಮಾತು, ನಾರಾಯಣಪೇಟೆಯಾಗಲಿ ಗದ್ವಾಲವಾಗಲಿ: ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿರುತ್ತವೆ. ರೇಷ್ಮೆ ಎಳೆಯೋ ಜರಿಯೋ ನಾಲಿಗೆಗೆ ಸಿಕ್ಕರೆ ಉಗುಳಲು ಬರುವುದಿಲ್ಲ, ನುಂಗಬೇಕಾಗುತ್ತದೆ. ಆ ಎಳೆ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕುತ್ತಿದ್ದರೆ ಎಳೆಯಬೇಡಿ, ಹಾಗೆಯೇ ಡಾಕ್ಟರ ಬಳಿ ಒಯ್ಯಿರಿ.)

ಹಾಗಾಗಿ ಬೆಕ್ಕು ಸುಮ್ಮನೆ ಮಲಗಿರುವುದು ಒಳ್ಳೆಯ ಲಕ್ಷಣ. ಅದು ನಾಯಿಯಂತೆ ಬಾಯಿ ತೆರೆದು ತೇಕತೊಡಗಿದರೆ ಮಾತ್ರ ಗಾಬರಿಯಾಗಬೇಕು. ಕಮ್ಮಿ ಕುಡಿಯುವ ಗುಣದಿಂದ ಇನ್ನೊಂದು ಕಷ್ಟವಿದೆ. ಗಂಡು ಬೆಕ್ಕು ಮತ್ತೆಮತ್ತೆ ಕುಳಿತು ತಿಣುಕಿದರೂ ಮೂತ್ರ ಬರುತ್ತಿಲ್ಲವೆಂದರೆ ನಾಳಿನವರೆಗೂ ಕಾಯಬಾರದು. ಎರಡು ಮೂರು ದಿನದಲ್ಲಿ ಜೀವ ಹೋಗುತ್ತದೆ. ಬೆಕ್ಕಿಗೆ ನೀರನ್ನು ಊಟದ ತಟ್ಟೆಯಿಂದ ದೂರ, ಮನೆಯಲ್ಲಿ ಎರಡು ಮೂರು ಕಡೆ ಇಡಿ. ಬೇಯಿಸಿದ ಮಾಂಸದ, ಮೀನಿನ ತಿಳಿನೀರನ್ನು ಉಪ್ಪು ಖಾರ ಹಾಕದೆ ಕೊಡಿ.

ಕೂದಲು ಬೋಳಿಸಬೇಡಿ. ಪಾಮೆರೇನಿಯನ್‌ನಂಥ ದಟ್ಟ ಕೂದಲಿನ ನಾಯಿಗೆ ಒಳಪದರದ ಕೂದಲು ಬಿಸಿಲನ್ನು ತಡೆಯುವ ಮಣ್ಣಿನ ಮಾಳಿಗೆಯಿದ್ದಂತೆ. ಬೋಳಿಸಿದರೆ ಚರ್ಮ ನೇರ ಸುಡುತ್ತದೆ. ದಿನಾ ಬಾಚಿ ಉದುರುಗೂದಲು ತೆಗೆದರೆ ಸಾಕು. ಹೊಸದಾಗಿ ನಾಯಿ ತರುವವರಿಗೆ ನನ್ನ ವಿನಂತಿ: ಪಗ್‌ನಂಥ ಚಪ್ಪಟೆ ಮೂತಿಯ ನಾಯಿಯನ್ನು ಈ ಸೀಮೆಗೆ ತರಬೇಡಿ. ಗಾಳಿಯಾಡಿಸಲು ಅದಕ್ಕೆ ಉದ್ದ ಮೂಗೇ ಇಲ್ಲ. ಉದ್ದ ಮೂತಿ, ತೆಳು ಮೈ, ಗಿಡ್ಡ ಕೂದಲಿನ ನಮ್ಮ ಮುಧೋಳ ನಾಯಿ ಬಯಲುಸೀಮೆಯ ಬಿಸಿಲಲ್ಲೇ ಬೆಳೆದ ತಳಿ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ಹೊರತಂದಿತ್ತು. ಊರ ಬೀದಿಯ ನಾಯಿಯೂ ಅಷ್ಟೇ ಗಟ್ಟಿ.

ನೀವು ಕೇಳದ ಒಂದು ವಿಷಯವನ್ನು ಹೇಳಲೇಬೇಕು. ಹಿಂದೆ ನಾಯಿಯನ್ನು ಯಾರೂ ಕಟ್ಟುತ್ತಿರಲಿಲ್ಲ. ಬಂಡಿಯ ಕೆಳಗೆ, ಬಚ್ಚಲ ನೀರು ಹರಿಯುವಲ್ಲಿ, ಬೇವಿನ ಬುಡದಲ್ಲಿ ಕೆರೆದು ಹಸಿ ಮಣ್ಣು ಮೇಲೆ ತಂದು ಮಲಗುತ್ತಿತ್ತು. ಈಗ ಆರ್‌ಸಿಸಿ ಮನೆ, ಸಿಮೆಂಟಿನ ಅಂಗಳ, ಗೇಟಿನ ಬಳಿ ಎರಡು ಮೊಳದ ಸರಪಳಿ. ಬೆಳಗ್ಗೆ ನೆರಳಿದ್ದ ಜಾಗಕ್ಕೆ ಮಧ್ಯಾಹ್ನ ಬಿಸಿಲು ಬರುತ್ತದೆ, ನಾಯಿ ಮಾತ್ರ ಅಲ್ಲೇ. ತಗಡಿನ ಗೂಡು ಇನ್ನೂ ಕೆಟ್ಟದ್ದು, ಅದು ಒಲೆಯಾಗುತ್ತದೆ. ಬೆಕ್ಕಿಗೂ ನಾಯಿಗೂ ನೀವು ಕಂಡ ವ್ಯತ್ಯಾಸದಲ್ಲಿ ಅರ್ಧ ಈ ಸರಪಳಿಯದು ಎಂದೇ ನನ್ನ ನಂಬಿಕೆ.

ತೇಕು ಮಿತಿ ಮೀರಿತೆಂದು ತಿಳಿಯುವುದು ಹೇಗೆ? ನಾಯಿಯ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಮುಟ್ಟಿದರೆ ಬಿಸಿ ಎನಿಸುವುದು ಸಹಜ. ತುಟಿ ಎತ್ತಿ ವಸಡು ನೋಡಿ. ತಿಳಿಗುಲಾಬಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣಕ್ಕೆ ಬರಬೇಕು. ವಸಡು ಕೆಂಪಗೆ ಕಾದಂತಿದ್ದು, ಜೊಲ್ಲು ಅಂಟಂಟಾಗಿ ನೂಲಿನಂತೆ ಇಳಿಯುತ್ತಿದ್ದು, ನಡೆದರೆ ತೂರಾಡಿದರೆ ಅದು ಬಿಸಿಲಾಘಾತ. ನೆರಳಿಗೆ ಒಯ್ದು ಹೊಟ್ಟೆ, ತೊಡೆಸಂದು, ಪಾದಗಳಿಗೆ ಸಾದಾ ನೀರು ಸುರಿಯುತ್ತಾ ಫ್ಯಾನ್ ಹಾಕಿ. ಒದ್ದೆ ಗೋಣಿಚೀಲ ಹೊದಿಸಿ ಬಿಡಬೇಡಿ, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ಮಂದವಾಗಿದ್ದರೆ ಬಾಯಿಗೆ ನೀರು ಹೊಯ್ಯಬೇಡಿ. ಎದ್ದು ನಿಂತರೂ ಪಶು ಆಸ್ಪತ್ರೆಗೆ ತೋರಿಸಿ. ಮೂತ್ರಪಿಂಡಕ್ಕಾದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ.

ಮೈ ಬಿಸಿಯಾಗಿದೆಯೆಂದು ಮನೆಯಲ್ಲಿದ್ದ ಜ್ವರದ ಗುಳಿಗೆ ಕೊಡುವುದು ದೊಡ್ಡ ತಪ್ಪು. ಪ್ಯಾರಸಿಟಮಾಲ್ ಬಿಸಿಲಾಘಾತಕ್ಕೆ ಉಪಯೋಗವಿಲ್ಲ, ಬೆಕ್ಕಿಗಂತೂ ಅರ್ಧ ಗುಳಿಗೆಯೇ ವಿಷ. ಉಣ್ಣಿಗೂ ಇದೇ ಎಚ್ಚರ. ಹತ್ತಿಗೆ ಹೊಡೆಯುವ ಎಣ್ಣೆಯನ್ನು ನೀರಿಗೆ ಬೆರೆಸಿ ನಾಯಿಯ ಮೈಗೆ ಸವರುವುದುಂಟು. ಅದು ಮೈ ನೆಕ್ಕುತ್ತದೆ, ಸಾಯುತ್ತದೆ. ನಾಯಿಗೆಂದೇ ಮಾರುವ ಉಣ್ಣಿ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಜೊತೆಗೆ ಮಲಗುವ ಬೆಕ್ಕಿಗೆ ಅಪಾಯ. ನಿಮ್ಮ ಮನೆಯಲ್ಲಿ ಎರಡೂ ಇರುವುದರಿಂದ ಡಾಕ್ಟರಿಗೆ ಮೊದಲೇ ಹೇಳಿ.

ರೊಟ್ಟಿ ಮುಟ್ಟದ್ದಕ್ಕೆ ಚಿಂತಿಸಬೇಡಿ. ಉಂಡದ್ದು ಅರಗುವಾಗಲೂ ಮೈ ಕಾಯುತ್ತದೆ, ಅದಕ್ಕೇ ನಾಯಿ ಹಗಲು ಊಟ ಬಿಡುತ್ತದೆ. ನಸುಕಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಹಾಕಿ. ಜೋಳದ ರೊಟ್ಟಿ ಮುರಿದು ತಿಳಿಮಜ್ಜಿಗೆಯಲ್ಲಿ ನೆನೆಸಿ, ಜೊತೆಗೊಂದು ಬೇಯಿಸಿದ ತತ್ತಿ ಇದ್ದರೆ ಒಳ್ಳೆಯದು. ಉಳಿದ ಪಲ್ಯ, ಝುಣಕ ಸುರಿಯಬೇಡಿ. ಅದರೊಳಗಿನ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ರಕ್ತಕಣಗಳನ್ನು ಒಡೆಯುತ್ತವೆ. ಎರಡು ದಿನವಾದರೂ ರಾತ್ರಿಯೂ ಉಣ್ಣದಿದ್ದರೆ, ಮೂಗಿನಲ್ಲಿ ರಕ್ತ ಕಂಡರೆ, ಅದು ಬಿಸಿಲಲ್ಲ. ಉಣ್ಣಿಯಿಂದ ಬರುವ ಜ್ವರವಿರಬಹುದು, ರಕ್ತ ಪರೀಕ್ಷೆ ಮಾಡಿಸಿ.

ನಾಳೆ ಮಧ್ಯಾಹ್ನ ಎರಡು ಗಂಟೆಗೆ, ನಿಮ್ಮ ನಾಯಿಯನ್ನು ಕಟ್ಟಿದ ಜಾಗದಲ್ಲಿ ಬರಿಗಾಲಲ್ಲಿ ನಿಂತು ನೋಡಿ. ನಿಲ್ಲಲಾಗದಿದ್ದರೆ ಆಗಲೇ ಅದನ್ನು ಬಿಚ್ಚಿ ಒಳಗೆ ಕರೆದುಕೊಳ್ಳಿ.