ಅಸಲು ಇಳಿದರೂ ಬಡ್ಡಿ ಏಕೆ ಇಳಿಯುವುದಿಲ್ಲ? – ರೇಖಾತ್ಮಕ ಸಮೀಕರಣದ ಎರಡು ಪಾಠಗಳು

ತರಗತಿ: 9
ಘಟಕ: ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳು
ಅವಧಿ: ತಲಾ 40 ನಿಮಿಷಗಳ ಎರಡು ಪಾಠಗಳು

ಬೋಧನಾಭ್ಯಾಸದ ಮೂರನೇ ವಾರದಲ್ಲಿ ಈ ಘಟಕ ನನ್ನ ಪಾಲಿಗೆ ಬಂತು. ಈ ಮಕ್ಕಳಲ್ಲಿ ಕೆಲವರು ಮುಂದೆ ಪಿಯುಸಿಯಲ್ಲಿ ವಾಣಿಜ್ಯವನ್ನೋ ಅರ್ಥಶಾಸ್ತ್ರವನ್ನೋ ಓದುವವರು. ಅಲ್ಲಿ ಬೆಲೆ ಮತ್ತು ಬೇಡಿಕೆ, ಉತ್ಪಾದನೆ ಮತ್ತು ವೆಚ್ಚ, ಕಾಲ ಮತ್ತು ಬಡ್ಡಿ, ಹೀಗೆ ಎಲ್ಲೆಲ್ಲೂ ಒಂದು ಪರಿಮಾಣ ಇನ್ನೊಂದನ್ನು ಅವಲಂಬಿಸಿರುತ್ತದೆ. ಈ ಅವಲಂಬನೆಯ ನಿಯಮವನ್ನು ಗಣಿತದಲ್ಲಿ ‘ಉತ್ಪನ್ನ’ ಅಥವಾ ‘ಫಲನ’ ಎನ್ನುತ್ತೇವೆ. ಸಮಾಜ ವಿಜ್ಞಾನದ ಪಾಠದಲ್ಲಿ ‘ಒಟ್ಟು ದೇಶೀಯ ಉತ್ಪನ್ನ’ ಎಂದು ಓದಿದ ಮಕ್ಕಳಿಗೆ ಅದೇ ಪದ ಗೊಂದಲ ತಂದೀತೆಂದು ನಾನು ತರಗತಿಯಲ್ಲಿ ‘ಅವಲಂಬನೆಯ ನಿಯಮ’ ಎಂದೇ ಹೇಳಿದೆ. ಉದಾಹರಣೆಗೆ ಸಾಲದ ಬಡ್ಡಿಯನ್ನು ಆರಿಸಿಕೊಂಡೆ.

ಮೊದಲ ಪಾಠ

ಕಪ್ಪು ಹಲಗೆಯ ಮೇಲೆ ಬರೆದ ಲೆಕ್ಕ ಇದು: 10,000 ರೂ. ಸಾಲ. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಅಂದರೆ ವರ್ಷಕ್ಕೆ ಶೇ. 12. ತಿಂಗಳಿಗೆ 1,000 ರೂ. ಅಸಲಿನಂತೆ 10 ಕಂತುಗಳಲ್ಲಿ ತೀರಿಸಬೇಕು. ತಿಂಗಳಿಗೆ 100 ರೂ. ಬಡ್ಡಿ. ತಿಂಗಳುಗಳ ಸಂಖ್ಯೆ ‘ತ’, ಬಡ್ಡಿಯ ಮೊತ್ತ ‘ಮ’ ಆದರೆ

ಮ = 100ತ

ಮಕ್ಕಳು ಕೋಷ್ಟಕ ತುಂಬಿದರು, ಬಿಂದುಗಳನ್ನು ಗುರುತಿಸಿದರು, ಮೂಲಬಿಂದುವಿನಿಂದ ಹೊರಟ ಸರಳರೇಖೆಯನ್ನು ಎಳೆದರು. ಕೊನೆಯಲ್ಲಿ ಕೇಳಿದ ಐದು ಪ್ರಶ್ನೆಗಳಿಗೆ ಹೆಚ್ಚಿನವರು ಸರಿಯಾಗಿಯೇ ಉತ್ತರಿಸಿದರು. ಪಾಠ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ಐದು ತಿಂಗಳಾದ್ಮೇಲೆ ಐದು ಸಾವಿರ ವಾಪಸ್ ಕೊಟ್ಟಿರ್ತೀವಲ್ಲ? ಆಮೇಲೂ ಹತ್ತು ಸಾವಿರಕ್ಕೇ ಯಾಕೆ ಬಡ್ಡಿ?”

ಗಂಟೆ ಹೊಡೆಯಲು ಎರಡು ನಿಮಿಷವಿತ್ತು. ಹಿಂದಿನ ಸಾಲಿನಲ್ಲಿ ನಮ್ಮ ಉಪನ್ಯಾಸಕರು ವೀಕ್ಷಣಾ ಪಟ್ಟಿ ಹಿಡಿದು ಕೂತಿದ್ದರು. ನಾನು “ಸೂತ್ರ ಇರೋದೇ ಹಾಗಮ್ಮ, ಬರ್ಕೋ” ಎಂದುಬಿಟ್ಟೆ. ಅವಳು ಕೂತು ಬರೆದುಕೊಂಡಳು. ಆ ದಿನದ ವೀಕ್ಷಣಾ ಪಟ್ಟಿಯಲ್ಲಿ ನಕ್ಷೆಗೆ, ಧ್ವನಿಗೆ, ಕಪ್ಪು ಹಲಗೆಯ ಬಳಕೆಗೆ ಒಳ್ಳೆಯ ಅಂಕಗಳಿದ್ದವು. ಕೆಳಗೆ ಒಂದೇ ಸಾಲು: ‘ವಿದ್ಯಾರ್ಥಿನಿಯ ಪ್ರಶ್ನೆ ಪಾಠಕ್ಕಿಂತ ಮುಂದಿತ್ತು.’

ತಪ್ಪಿದ್ದು ಎಲ್ಲಿ?

ಸರಳಬಡ್ಡಿಯ ಸೂತ್ರದಲ್ಲಿ ಅಸಲು, ಕಾಲ, ದರಗಳನ್ನು ಗುಣಿಸಿ ನೂರರಿಂದ ಭಾಗಿಸುತ್ತೇವೆ. ಅಸಲು ಕೊನೆಯವರೆಗೂ ಪೂರ್ತಿಯಾಗಿ ಸಾಲಗಾರರ ಕೈಯಲ್ಲಿದ್ದರೆ ಆ ಲೆಕ್ಕಕ್ಕೆ ಅರ್ಥವಿದೆ. ಕಂತಿನ ಸಾಲದಲ್ಲಿ ಅಸಲು ತಿಂಗಳು ತಿಂಗಳೂ ಇಳಿಯುತ್ತದೆ. ನಾನು ಅದೇ ಸೂತ್ರವನ್ನು ಯೋಚಿಸದೆ ಇಲ್ಲಿಗೆ ತಂದು ಅಂಟಿಸಿದ್ದೆ. ಇಳಿದ ಅಸಲಿಗೂ ಮೊದಲಿನಷ್ಟೇ ಬಡ್ಡಿ ಹಾಕುವ ಪದ್ಧತಿ ಇದೆ, ಅದಕ್ಕೆ ಫ್ಲ್ಯಾಟ್ ಬಡ್ಡಿ ಎನ್ನುತ್ತಾರೆ. ಅದು ಸಾಲ ಕೊಡುವವರು ಆರಿಸಿಕೊಂಡ ನಿಯಮವೇ ಹೊರತು ಗಣಿತದ ನಿಯಮವಲ್ಲ. ‘ಸೂತ್ರ ಇರೋದೇ ಹಾಗೆ’ ಎಂದಾಗ ಯಾರೋ ಮಾಡಿಕೊಂಡ ಒಪ್ಪಂದವನ್ನು ನಾನು ಗಣಿತದ ಹೆಸರಿನಲ್ಲಿ ಆ ಹುಡುಗಿಯ ಮೇಲೆ ಹೇರಿದ್ದೆ.

ಎರಡನೇ ಪಾಠ

ಮರುದಿನ ಹತ್ತು ಕಾಗದದ ಚೀಟಿಗಳನ್ನು ಒಯ್ದೆ. ಒಂದೊಂದೂ ಒಂದು ಸಾವಿರ ರೂಪಾಯಿ. ಒಬ್ಬ ವಿದ್ಯಾರ್ಥಿ ಸಾಲ ಕೊಡುವವನು, ಇನ್ನೊಬ್ಬಳು ಪಡೆಯುವವಳು. ನಿಯಮ ಎರಡೇ: ತಿಂಗಳ ಕೊನೆಗೆ ಕೈಯಲ್ಲಿರುವ ಚೀಟಿಗಳನ್ನು ಎಣಿಸಿ ಚೀಟಿಗೆ 10 ರೂ. ಬಡ್ಡಿ ಕೊಡಬೇಕು, ಆಮೇಲೆ ಒಂದು ಚೀಟಿ ಹಿಂದಿರುಗಿಸಬೇಕು. ತರಗತಿಯೇ ಕೂಗಿ ಲೆಕ್ಕ ಹೇಳಿತು: ನೂರು, ತೊಂಬತ್ತು, ಎಂಬತ್ತು... ಕೊನೆಗೆ ಹತ್ತು.

ಮೊದಲ ತಿಂಗಳು 10 ಚೀಟಿ, ಎರಡನೇ ತಿಂಗಳು 9. ಎಷ್ಟನೇ ತಿಂಗಳೋ ಆ ಸಂಖ್ಯೆಯನ್ನು 11ರಿಂದ ಕಳೆದರೆ ಚೀಟಿಗಳ ಸಂಖ್ಯೆ ಸಿಗುತ್ತದೆ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಆ ತಿಂಗಳ ಬಡ್ಡಿ ‘ಬ’ ಆದರೆ

ಬ = 10(11 − ತ) = 110 − 10ತ

ಫ್ಲ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳೂ ಬ = 100. ಎರಡನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದೆವು. ಒಂದರ ಬಿಂದುಗಳು ಅಡ್ಡಲಾಗಿ ನಿಂತವು, ಇನ್ನೊಂದರವು ಪ್ರತಿ ತಿಂಗಳೂ 10ರಷ್ಟು ಕೆಳಗಿಳಿದವು. ಓರೆ ಋಣವಾಗುವುದೆಂದರೇನು ಎಂದು ಬೇರೆಯಾಗಿ ವಿವರಿಸುವ ಅಗತ್ಯ ಬೀಳಲಿಲ್ಲ.

ಎದುರಾದ ತೊಡಕುಗಳು

ಮೊದಲನೆಯದು ಅಕ್ಷರದ್ದು. ಹಲವರು ‘10ತ’ ಎಂಬುದನ್ನು ‘ಹತ್ತು ತಿಂಗಳು’ ಎಂದು ಓದಿದರು. ವಸ್ತುವಿನ ಹೆಸರಿನ ಮೊದಲಕ್ಷರ ಬಳಸಿದರೆ ಸುಲಭವಾದೀತೆಂದು ನಾನೇ ತಂದುಕೊಂಡ ತೊಂದರೆ ಇದು. ಅಕ್ಷರ ನಿಲ್ಲುವುದು ಸಂಖ್ಯೆಯ ಬದಲಿಗೆ, ವಸ್ತುವಿನ ಬದಲಿಗಲ್ಲ. ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಅವ್ಯಕ್ತ ಸಂಖ್ಯೆಗೆ ಬಳಸಿದ ‘ಯಾ’ ಎಂಬ ಅಕ್ಷರ ‘ಯಾವತ್ತಾವತ್’ ಎಂಬ ಪದದ್ದು. ‘ಎಷ್ಟೋ ಅಷ್ಟು’ ಎಂದು ಅದರ ಅರ್ಥ. ಈ ಅರ್ಥವನ್ನು ಹೇಳಿದ ಮೇಲೆ ‘10ತ’ ಎಂಬುದನ್ನು ‘ಎಷ್ಟನೇ ತಿಂಗಳೋ ಅದರ ಹತ್ತು ಪಟ್ಟು’ ಎಂದು ಓದಿಸಿದೆ. ಆಮೇಲೆ ತಪ್ಪು ಕಡಿಮೆಯಾಯಿತು.

ಎರಡನೆಯದು ಮಿತಿಯದು. ಒಬ್ಬ ತ = 12 ಎಂದು ಹಾಕಿ −10 ಪಡೆದ. “ಆವಾಗ ಅವರೇ ನಮಗೆ ಬಡ್ಡಿ ಕೊಡ್ತಾರಾ ಸಾರ್?” ತರಗತಿ ನಕ್ಕಿತು. ಈ ಸಮೀಕರಣದಲ್ಲಿ ‘ತ’ಗೆ 1ರಿಂದ 10ರವರೆಗಿನ ಪೂರ್ಣ ಸಂಖ್ಯೆಗಳಷ್ಟೇ ಸಲ್ಲುತ್ತವೆ. ಕಂತು ಕಟ್ಟುವುದು ತಿಂಗಳಿಗೊಮ್ಮೆ, ಆದ್ದರಿಂದ ಎರಡೂವರೆಯೂ ಸಲ್ಲದು. ಬಿಂದುಗಳನ್ನು ಗೆರೆಯಿಂದ ಸೇರಿಸುವುದು ನೋಟದ ಅನುಕೂಲಕ್ಕೆ ಮಾತ್ರ. ಉತ್ಪನ್ನದ ಪ್ರಾಂತ ಎಂಬ ಪರಿಕಲ್ಪನೆಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಹೊಳೆದಿರಲಿಲ್ಲ.

ಮೊತ್ತದ ಲೆಕ್ಕ

ಸಮಾಂತರ ಶ್ರೇಢಿ ಹತ್ತನೇ ತರಗತಿಯ ಪಾಠ. ಹಾಗಾಗಿ ಜೋಡಿ ಮಾಡಿ ಕೂಡಿದೆವು: 100 ಮತ್ತು 10, 90 ಮತ್ತು 20, 110ರ ಐದು ಜೋಡಿ, ಒಟ್ಟು 550 ರೂ. ಫ್ಲ್ಯಾಟ್ ಲೆಕ್ಕದಲ್ಲಿ 1,000 ರೂ. ಸಾಲ ಅದೇ, ದರ ಅದೇ, ಕಂತಿನ ಸಂಖ್ಯೆಯೂ ಅದೇ. ವ್ಯತ್ಯಾಸ 450 ರೂ.

ಬಳಿಕ ತಿರುಗಿಸಿ ಕೇಳಿದೆ: ಕೈಯಲ್ಲಿದ್ದ ಚೀಟಿಗೆ ಮಾತ್ರ ಬಡ್ಡಿ ಹಾಕಿಯೂ 1,000 ರೂ. ಬರಬೇಕಾದರೆ ಚೀಟಿಗೆ ಎಷ್ಟಾಗಬೇಕು? ಹತ್ತು ತಿಂಗಳಲ್ಲಿ ಎಣಿಸಿದ ಚೀಟಿಗಳು 10, 9, 8 ಎಂದು ಕೂಡುತ್ತಾ ಹೋದರೆ 55. ಸಾವಿರವನ್ನು 55ರಿಂದ ಭಾಗಿಸಿದರೆ ಚೀಟಿಗೆ ಸುಮಾರು 18 ರೂ. 18 ಪೈಸೆ. ವರ್ಷದ ದರ ಸುಮಾರು ಶೇ. 21.8. “ಹನ್ನೆರಡು ಅಂತ ಹೇಳಿ ಇಪ್ಪತ್ತೆರಡು ತಗೊಂಡಂಗಾಯ್ತು” ಎಂದ ಹಿಂದಿನ ಬೆಂಚಿನವನು. ಅದಕ್ಕಿಂತ ಚೆನ್ನಾಗಿ ನಾನು ಸಾರಾಂಶ ಹೇಳಲಾರೆ.

ತರಗತಿಯ ಹೊರಗೆ

ಅಂದು ಸಂಜೆ ಆ ಹುಡುಗಿ ತನ್ನ ತಾಯಿಯ ಸಾಲದ ಕಾರ್ಡನ್ನು ತಂದು ತೋರಿಸಿದಳು. ಮರುದಿನ ಅದನ್ನೇ ಉದಾಹರಣೆ ಮಾಡೋಣವೆಂಬ ಆಸೆ ಕ್ಷಣಕಾಲ ಬಂತು, ಬಿಟ್ಟುಬಿಟ್ಟೆ. ಯಾರ ಮನೆಯ ಸಾಲವೂ ಕಪ್ಪು ಹಲಗೆಗೆ ಬರಬಾರದು. ಅಲ್ಲಿಗೆ ಕಲ್ಪಿತ ಅಂಕಿಗಳೇ ಸಾಕು. ಬಡ್ಡಿಯ ಅಂಕಣದಲ್ಲಿ ಏನು ನೋಡಬೇಕೆಂದು ಮಾತ್ರ ಹೇಳಿದೆ. ಅವಳೇ ಬೆರಳಿಟ್ಟು ಓದಿ, “ನಮ್ದು ಇಳಿಯದ ಲೆಕ್ಕ ಸಾರ್” ಎಂದಳು. ಆಗಿಹೋದ ಆ ಸಾಲಕ್ಕೆ ನನ್ನಲ್ಲಿ ಪರಿಹಾರವಿರಲಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರ ನಂತರ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೆ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಮುಖ್ಯಾಂಶಗಳ ಪತ್ರ ಕೊಡಬೇಕು, ವೆಚ್ಚಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಮುಂದಿನ ಸಲ ಅಮ್ಮ ಆ ಪತ್ರವನ್ನು ಕೇಳಿ ಪಡೆಯಲಿ ಎಂದೆ.

ಈ ಘಟಕ ಕೈಗೆತ್ತಿಕೊಳ್ಳುವ ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನದು ಒಂದೇ ಸಲಹೆ. ಸಮೀಕರಣ ಬರೆಯುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವುದು ಯಾವುದನ್ನು ಅವಲಂಬಿಸಿದೆ? ಎಲ್ಲಿಯವರೆಗೆ? ಈ ನಿಯಮವನ್ನು ಮಾಡಿದವರು ಯಾರು? ಮೂರನೆಯದು ಗಣಿತದ ಪ್ರಶ್ನೆಯಲ್ಲ ಎಂದು ಮೊದಲು ನನಗೂ ಅನಿಸುತ್ತಿತ್ತು. ಈಗ ನನ್ನ ಪಾಠ ಯೋಜನೆಯಲ್ಲಿ ಪ್ರತಿ ಸೂತ್ರದ ಪಕ್ಕ ಒಂದು ಅಂಕಣ ಸೇರಿಸಿಕೊಂಡಿದ್ದೇನೆ: ‘ಇದು ಯಾವಾಗ ನಿಜ?’