ಮಕ್ಕಳ ಶೌಚ ಮತ್ತು ಸ್ನಾನದ ಅಭ್ಯಾಸ

ಜೊಯಿಡಾ ತಾಲೂಕಿನಲ್ಲಿ ಮನೆಗಳು ಬಹುಮಟ್ಟಿಗೆ ಕಾಡಿನ ನಡುವೆ ದೂರದೂರವಾಗಿ ಚದರಿರುತ್ತವೆ. ಅನೇಕ ಕಡೆಗಳಲ್ಲಿ ಮನೆಯ ಹಿಂದೆಯೇ ಅಡಕೆಯ ತೋಟವೂ ಗೆಡ್ಡೆಗೆಣಸಿನ ಪಾತಿಗಳೂ ಇರುವುವು. ದೊಡ್ಡವರು ಪಾಯಖಾನೆಯನ್ನು ಉಪಯೋಗಿಸುವ ಮನೆಗಳಲ್ಲಿಯೂ ಚಿಕ್ಕ ಮಕ್ಕಳನ್ನು ಹಿತ್ತಲಿನಲ್ಲಿ ಕುಳ್ಳಿರಿಸುವುದುಂಟು. ಕೂಸಿನ ಮಲದಿಂದ ಕೇಡಿಲ್ಲವೆಂಬ ನಂಬಿಕೆಯೇ ಇದಕ್ಕೆ ಕಾರಣವು. ಈ ನಂಬಿಕೆಯು ಕೇವಲ ತಪ್ಪಾದುದು.

ಕೊಕ್ಕೆಹುಳವು ಸಣ್ಣ ಕರುಳನ್ನು ಕಚ್ಚಿ ಹಿಡಿದು ರಕ್ತವನ್ನು ಹೀರುವ ಕೃಮಿ. ಅದರ ಮೊಟ್ಟೆಗಳು ಮಲದೊಡನೆ ನೆಲಕ್ಕೆ ಬಿದ್ದು, ನೆರಳೂ ತೇವವೂ ಇರುವಲ್ಲಿ ಒಂದೆರಡು ದಿನಗಳೊಳಗೆ ಒಡೆದು ಮರಿಗಳಾಗುತ್ತವೆ. 5ರಿಂದ 10 ದಿನಗಳಲ್ಲಿ ಆ ಮರಿಗಳಿಗೆ ಬರಿಗಾಲಿನ ಚರ್ಮವನ್ನು ತೂರಿ ಒಳಹೊಗುವ ಶಕ್ತಿಯುಂಟಾಗುವುದು. ಅಡಕೆಗೆ ಹಿತವಾದ ನೆಲವು ಈ ಹುಳಕ್ಕೂ ಹಿತವಾದುದೇ. ಹೀಗೆ ಮಗುವಿನಿಂದ ತೋಟದ ಆಳಿಗೂ, ಆಳಿನಿಂದ ಮಗುವಿಗೂ ರೋಗವು ದಾಟುತ್ತದೆ. ಮೈಗಳ್ಳನೆಂದು ಬೈಸಿಕೊಳ್ಳುವ ಆಳು ಎಷ್ಟೋ ವೇಳೆ ರಕ್ತಹೀನತೆಯಿಂದ ನರಳುವ ರೋಗಿಯಾಗಿರಬಹುದೆಂಬುದನ್ನು ಜಮೀನುದಾರರು ನೆನಪಿನಲ್ಲಿಡತಕ್ಕದ್ದು. ಜಂತುಹುಳದ ಮೊಟ್ಟೆಗಳಾದರೋ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿದ್ದು, ತೊಳೆಯದ ಗೆಡ್ಡೆಗಳ ಮೂಲಕವೂ ಉಗುರಿನ ಸಂದಿನ ಕೊಳೆಯ ಮೂಲಕವೂ ಬಾಯಿಗೆ ಸೇರುತ್ತವೆ. 2015ರಿಂದ ಅಂಗನವಾಡಿ ಮತ್ತು ಶಾಲೆಗಳಲ್ಲಿ ಹಂಚಲಾಗುತ್ತಿರುವ ಮಾತ್ರೆಯು ಹೊಟ್ಟೆಯಲ್ಲಿರುವ ಹುಳಗಳನ್ನು ಕೊಲ್ಲುವುದೇ ಹೊರತು ಹಿತ್ತಲಿನ ಮಣ್ಣನ್ನು ಶುದ್ಧಪಡಿಸಲಾರದು.

ಆದುದರಿಂದ ಅಭ್ಯಾಸವನ್ನು ಎಳೆತನದಲ್ಲಿಯೇ ಮಾಡಿಸಬೇಕು. ಎರಡು ವರ್ಷದ ಆಸುಪಾಸಿನಲ್ಲಿ ಮಗುವು ತನ್ನ ಅವಸರವನ್ನು ಮಾತಿನಿಂದಲೋ ಮುಖಚರ್ಯೆಯಿಂದಲೋ ತಿಳಿಸತೊಡಗುತ್ತದೆ. ಬೆಳಿಗ್ಗೆ ಉಂಡ ಬಳಿಕ ಕರುಳಿನ ಚಲನೆಯು ಹೆಚ್ಚುವುದರಿಂದ ಆ ಹೊತ್ತಿನಲ್ಲಿ ನಾಲ್ಕೈದು ನಿಮಿಷ ಕುಳ್ಳಿರಿಸುವುದು ಒಳ್ಳೆಯದು. ಗದರಿಸಕೂಡದು, ಗದರಿಸಿದ ಮಗುವು ಮಲವನ್ನು ತಡೆದುಕೊಂಡು ಮಲಬದ್ಧತೆಗೆ ಗುರಿಯಾಗುವುದು. ಪಾಯಖಾನೆಯ ದೊಡ್ಡ ರಂಧ್ರವನ್ನು ಕಂಡು ಮಕ್ಕಳು ಬೆದರುವುದು ಸಹಜ. ಕಿರಿದಾದ ರಂಧ್ರವುಳ್ಳ ಹಲಗೆಯೊಂದನ್ನು ಅದರ ಮೇಲಿಟ್ಟರೆ ಈ ಭಯವು ಹೋಗುವುದು. ಅಲ್ಲಿ ಕುಳಿತುಕೊಳ್ಳಲಾಗದ ಕೂಸಿನ ಮಲವನ್ನು ತಪ್ಪದೆ ಪಾಯಖಾನೆಗೇ ಹಾಕತಕ್ಕದ್ದು. ಅನಂತರ ಮಗುವಿನ ಕೈಯನ್ನೂ, ತೊಳೆಸಿದವರ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು. ಬರಿಯ ನೀರು ಸಾಲದು.

ಮಳೆಗಾಲದಲ್ಲಿ ಶೀತವಾದೀತೆಂದು ಸ್ನಾನವನ್ನು ಬಿಡಿಸುವುದು ಸರಿಯಲ್ಲ. ಬಚ್ಚಲಿನಲ್ಲಿ ಮೊದಲು ತಣ್ಣೀರನ್ನು ಹಾಕಿ, ಮೇಲೆ ಹಂಡೆಯ ಬಿಸಿನೀರನ್ನು ಬೆರಸಿ, ಮೊಣಕೈಯಿಂದ ಪರೀಕ್ಷಿಸಿದ ತರುವಾಯವೇ ಮಗುವನ್ನು ಕರೆಯತಕ್ಕದ್ದು. ಕಂಕುಳು, ತೊಡೆಸಂದು, ಕಾಲ್ಬೆರಳುಗಳ ನಡುವೆ ತೊಳೆದು, ಒಣಗಿದ ಬಟ್ಟೆಯಿಂದ ಒರಸಬೇಕು. ಕಜ್ಜಿಯು ಬರಿಯ ಸ್ನಾನದಿಂದ ಹೋಗದು; ವೈದ್ಯರ ಔಷಧವನ್ನು ಮನೆಮಂದಿಯೆಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು.

ಊರಿನ ಮುಖ್ಯಸ್ಥರೂ ಜಮೀನುದಾರರೂ ಆಳುಗಳ ಬಿಡಾರಗಳಲ್ಲಿಯೂ ಪಾಯಖಾನೆ, ನೀರು, ಸಾಬೂನು ಇರುವಂತೆ ನೋಡಿಕೊಳ್ಳಬೇಕು. ಗುಂಡಿಯು ಬಾವಿಯಿಂದ 50 ಅಡಿಗಳಿಗೆ ಕಡಮೆಯಿಲ್ಲದ ದೂರದಲ್ಲಿ, ಇಳಿಜಾರಿನ ಕೆಳಭಾಗದಲ್ಲಿರಲಿ. ಜೋಡಿ ಗುಂಡಿಗಳಿದ್ದಲ್ಲಿ, ತುಂಬಿದ ಒಂದನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ಅದು ಗೊಬ್ಬರವಾಗುವುದು. ಅದಕ್ಕೆ ಮೊದಲು ತೆಗೆದು ತೋಟಕ್ಕೆ ಹಾಕಕೂಡದು.