ಮನೆಯ ಕಂಪ್ಯೂಟರ್ ತೆರೆಯದಿದ್ದರೆ: ಫಾರ್ಮ್ಯಾಟ್‌ಗೆ ಒಪ್ಪುವ ಮೊದಲು



ಈಗ ಅನೇಕ ಉತ್ಪಾದಕರ ಮನೆಗಳಲ್ಲಿ ಕಂಪ್ಯೂಟರ್ ಇದೆ. ಹಾಲಿನ ಲೆಕ್ಕ, ರಾಸುಗಳಿಗೆ ಗರ್ಭಧಾರಣೆ ಮಾಡಿಸಿದ ದಿನಾಂಕ, ಮಕ್ಕಳ ಪಾಠ, ಮನೆಯ ಫೋಟೋಗಳು ಎಲ್ಲವೂ ಅದರಲ್ಲಿರುತ್ತವೆ. ಒಂದು ದಿನ ವಿಂಡೋಸ್ ತೆರೆಯುವಷ್ಟರಲ್ಲಿ ನೀಲಿ ಪರದೆ ಮೂಡಿ ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪರದೆಯಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದಿರಬಹುದು. 'ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು' ಎಂದು ಯಾರಾದರೂ ಹೇಳಿದರೆ ಕೂಡಲೇ ಒಪ್ಪಬೇಡಿ. ಫಾರ್ಮ್ಯಾಟ್ ಮಾಡಿದರೆ ವರ್ಷಗಳ ಲೆಕ್ಕ ಅಳಿಸಿಹೋಗುತ್ತದೆ. ಕೆಲವೊಮ್ಮೆ ಬದಲಾಗಿರುವುದು ಡಿಸ್ಕಿನ 'ಮೋಡ್' ಮಾತ್ರ.

ಮೋಡ್ ಎಂದರೇನು?

ಡಿಸ್ಕಿನೊಡನೆ ಯಂತ್ರ ವ್ಯವಹರಿಸುವ ಪದ್ಧತಿಯೇ ಮೋಡ್. ಐ.ಡಿ.ಇ. ಹಳೆಯ ಪದ್ಧತಿ. ಎ.ಎಚ್.ಸಿ.ಐ. ಎಂಬುದು 2004ರಲ್ಲಿ ಇಂಟೆಲ್ ಪ್ರಕಟಿಸಿದ, ಸಾಟಾ ಡಿಸ್ಕುಗಳಿಗೆ ಹೊಂದುವ ಪದ್ಧತಿ. ರೇಡ್ ಎಂಬುದು ಮುಖ್ಯವಾಗಿ ಹಲವು ಡಿಸ್ಕುಗಳನ್ನು ಕೂಡಿಸಿ ಬಳಸಲು ಇರುವಂಥದ್ದು. ವಿಂಡೋಸ್ ಹಾಕುವಾಗ ಯಾವ ಮೋಡ್ ಇತ್ತೋ ಅದಕ್ಕೆ ತಕ್ಕ ಡ್ರೈವರ್ ಮಾತ್ರ ಆರಂಭದಲ್ಲಿ ಕೆಲಸಕ್ಕೆ ಸಿದ್ಧವಿರುತ್ತದೆ. ಕರೆಯುವ ಕೈ ಬದಲಾದರೆ ಹಸು ಹಾಲು ಇಳಿಸದು; ಹಾಗೆಂದು ಕೆಚ್ಚಲು ಬತ್ತಿದೆ ಎನ್ನಲಾಗದು. ಇದೂ ಹಾಗೆಯೇ.

ಮೋಡ್ ಏಕೆ ಬದಲಾಗುತ್ತದೆ?

ಮದರ್‌ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟ್‌ನ ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿ.ಆರ್. 2032. ಹಳೆಯ ಯಂತ್ರಗಳಲ್ಲಿ ಇದು ಬತ್ತಿದರೆ ಬಯಾಸ್ ಸೆಟ್ಟಿಂಗ್‌ಗಳು ಅಳಿಸಿ ಮೂಲಸ್ಥಿತಿಗೆ ಮರಳುತ್ತವೆ. ದಿನಾಂಕ, ಗಂಟೆ ತಪ್ಪಾಗಿ ತೋರುತ್ತಿದ್ದರೆ ಈ ಸೆಲ್ಲನ್ನೇ ಮೊದಲು ಅನುಮಾನಿಸಿ. ಬಯಾಸ್ ನವೀಕರಿಸಿದಾಗ ಅಥವಾ ಯಾರಾದರೂ 'ಡಿಫಾಲ್ಟ್' ಒತ್ತಿದಾಗಲೂ ಹೀಗಾಗಬಹುದು.

ಸರಿಪಡಿಸುವ ಕ್ರಮ

1. ಡಿಸ್ಕಿನಿಂದ ಟಕಟಕ ಅಥವಾ ಕೆರೆಯುವ ಸದ್ದು ಬಂದರೆ ಕೂಡಲೇ ನಿಲ್ಲಿಸಿ, ಬಲ್ಲವರಲ್ಲಿಗೆ ಒಯ್ಯಿರಿ. ಅದು ಮೋಡಿನ ದೋಷವಲ್ಲ.
2. ಸದ್ದಿಲ್ಲದಿದ್ದರೆ ಯಂತ್ರ ಹಚ್ಚಿದೊಡನೆ ಡಿಲೀಟ್ ಅಥವಾ ಎಫ್ 2 ಕೀಲಿ ಒತ್ತುತ್ತಾ ಬಯಾಸ್ ಪ್ರವೇಶಿಸಿ. ಕೆಲವು ಯಂತ್ರಗಳಲ್ಲಿ ಕೀಲಿ ಬೇರೆ ಇರುತ್ತದೆ.
3. ಡಿಸ್ಕಿನ ಹೆಸರು ಅಲ್ಲಿ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಯಂತ್ರ ಆರಿಸಿ, ವಿದ್ಯುತ್ ವೈರು ಕಿತ್ತು, ಡಿಸ್ಕಿನ ಕೇಬಲ್‌ಗಳನ್ನು ಬಿಗಿಮಾಡಿ.
4. 'ಸಾಟಾ ಮೋಡ್' ಎಂಬಲ್ಲಿ ಈಗ ಏನಿದೆ ಎಂದು ಬರೆದುಕೊಳ್ಳಿ. ಐ.ಡಿ.ಇ. ಇದ್ದರೆ ಎ.ಎಚ್.ಸಿ.ಐ.ಗೆ, ಎ.ಎಚ್.ಸಿ.ಐ. ಇದ್ದರೆ ಮೊದಲಿದ್ದ ಮೋಡಿಗೆ ಬದಲಿಸಿ, ಉಳಿಸಿ ಹೊರಬನ್ನಿ.
5. ವಿಂಡೋಸ್ ತೆರೆದರೆ ದೋಷ ಸಿಕ್ಕಂತೆ. ತೆರೆಯದಿದ್ದರೆ ಬರೆದುಕೊಂಡಂತೆಯೇ ಹಿಂದಿರುಗಿಸಿ.
6. ಸೆಲ್ ಬತ್ತಿದ್ದರೆ ವೈರು ಕಿತ್ತು ಹೊಸದನ್ನು ಹಾಕಿ, ದಿನಾಂಕ ಮತ್ತು ಮೋಡ್ ಎರಡನ್ನೂ ಮತ್ತೆ ಹೊಂದಿಸಿ.

ಬೇಕೆಂದೇ ಬದಲಿಸುವುದಾದರೆ

ವಿಂಡೋಸ್ 10 ಮತ್ತು 11ರಲ್ಲಿ ಮೊದಲು 'ಸಿಸ್ಟಂ ಕಾನ್ಫಿಗರೇಶನ್' ತೆರೆದು, ಬೂಟ್ ವಿಭಾಗದಲ್ಲಿ 'ಸೇಫ್ ಬೂಟ್' ಗುರುತು ಹಾಕಿ. ಮರುಚಾಲನೆಯಲ್ಲಿ ಬಯಾಸ್ ಪ್ರವೇಶಿಸಿ ಎ.ಎಚ್.ಸಿ.ಐ. ಆಯ್ದುಕೊಳ್ಳಿ. ಸೇಫ್ ಮೋಡಿನಲ್ಲಿ ವಿಂಡೋಸ್ ತಾನೇ ಹೊಸ ಡ್ರೈವರ್ ಜೋಡಿಸಿಕೊಳ್ಳುತ್ತದೆ. ಬಳಿಕ ಆ ಗುರುತು ತೆಗೆದು ಮತ್ತೆ ಚಾಲೂ ಮಾಡಿ. ಪಿನ್ ಮಾತ್ರವಲ್ಲದೆ ಖಾತೆಯ ಪಾಸ್‌ವರ್ಡ್ ಕೂಡ ನೆನಪಿರಲಿ.

ಎಚ್ಚರಿಕೆ

• ಎರಡು ಡಿಸ್ಕುಗಳನ್ನು ರೇಡ್‌ನಲ್ಲಿ ಜೋಡಿಸಿದ್ದರೆ ಮೋಡ್ ಮುಟ್ಟಬೇಡಿ.
• ಬಿಟ್‌ಲಾಕರ್ ಬೀಗವಿದ್ದರೆ ಬಯಾಸ್ ಬದಲಾದಾಗ 48 ಅಂಕಿಗಳ ಕೀಲಿಸಂಖ್ಯೆ ಕೇಳಬಹುದು. ಅದನ್ನು ಮೊದಲೇ ಬರೆದಿಡಿ.
• 'ಇನಿಷಿಯಲೈಸ್' ಅಥವಾ 'ಫಾರ್ಮ್ಯಾಟ್' ಮಾಡಲೇ ಎಂದು ಯಂತ್ರ ಕೇಳಿದರೆ 'ಬೇಡ' ಎನ್ನಿ.

ಯಂತ್ರ ಚೆನ್ನಾಗಿರುವ ಇಂದೇ 'ಡಿವೈಸ್ ಮ್ಯಾನೇಜರ್' ತೆರೆದು, ಎ.ಎಚ್.ಸಿ.ಐ. ಕಂಟ್ರೋಲರ್ ಎಂದಿದೆಯೇ ನೋಡಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಮುಖ್ಯ ಕಡತಗಳ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದು ಬೇರೆಡೆ ಇಡಿ. ಡಿಸ್ಕ್ ನಿಜವಾಗಿಯೂ ಕೆಟ್ಟ ದಿನ ಆ ಪ್ರತಿಯೊಂದೇ ನಿಮ್ಮ ಕೈಹಿಡಿಯುತ್ತದೆ.